ದುಬೈ ಕೆಲಸದ ಆಫರ್ ಬಂತಾ? ಸಹಿ ಹಾಕುವ ಮೊದಲು ಇಷ್ಟು ಕೇಳಿ

ಉಡುಪಿ: ಕರಾವಳಿಯಲ್ಲಿ ಗಲ್ಫ್‌ಗೆ ಯಾರೂ ಹೋಗದ ಊರು ಹುಡುಕಿದ್ರೂ ಸಿಗೋದು ಕಷ್ಟ. ಆದರೆ ಆಫರ್ ಬಂದಾಗ ಹೆಚ್ಚಿನವರು ನೋಡೋದು ತಿಂಗಳ ಸಂಬಳ ಒಂದನ್ನೇ. ಟಿಕೆಟ್ ಯಾರದ್ದು, ಮನೆ ಬಾಡಿಗೆ ಯಾರದ್ದು ಅಂತ ಕೇಳದೆ, ಚಿನ್ನ ಅಡವಿಟ್ಟು ಹೊರಟರೆ ಮೊದಲ ವರ್ಷದ ದುಡಿಮೆ ಸಾಲ ತೀರಿಸೋದಕ್ಕೇ ಹೋಗುತ್ತೆ. ಯುಎಇಯ ಖಾಸಗಿ ಕಂಪನಿಗಳಿಗೆ ಹೊರಟವರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಚೌಕಾಸಿ ಬೇಡ, ಇದು ಹಕ್ಕು

2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಕೆಲಸ ಮುಗಿದಾಗ ಊರಿಗೆ ಮರಳುವ ಟಿಕೆಟ್ ಕಂಪನಿಯದ್ದೇ. ಅಲ್ಲೇ ಬೇರೆ ಕಂಪನಿ ಸೇರಿದರೆ, ಅಥವಾ ನಿಮ್ಮ ಕಾರಣದಿಂದ ಕೆಲಸ ಹೋದರೆ ಮಾತ್ರ ಅದು ಸಿಗಲ್ಲ. ಮನೆಗೆಲಸದವರಿಗೆ ಬೇರೆ ಕಾನೂನು ಇದೆ.

ಬೇಸಿಕ್ ಎಷ್ಟು?

ಗ್ರಾಚ್ಯುಟಿ ಲೆಕ್ಕ ಹಾಕೋದು ಬೇಸಿಕ್ ಸಂಬಳದ ಮೇಲೆ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಉದಾಹರಣೆಗೆ ಒಟ್ಟು ಸಂಬಳ 6,000 ದಿರ್ಹಮ್ ಅಂದ್ಕೊಳ್ಳಿ. ಬೇಸಿಕ್ 3,600 ಇದ್ದರೆ 5 ವರ್ಷಕ್ಕೆ 12,600 ದಿರ್ಹಮ್ ಸಿಗುತ್ತೆ. ಬೇಸಿಕ್ 2,400 ಆದರೆ ಬರೀ 8,400. ಹಾಗಾಗಿ ಒಟ್ಟು ಮೊತ್ತ ಏರಿಸದಿದ್ದರೂ ಬೇಸಿಕ್ ಏರಿಸಿ ಅಂತ ಕೇಳಬಹುದು.

ಮಾತಾಡಿ ಪಡೆಯಬಹುದಾದದ್ದು

* ಹೋಗುವ ಟಿಕೆಟ್, ಹೆಚ್ಚುವರಿ ಲಗೇಜ್, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್
* ಮನೆ ಸಿಗೋವರೆಗೆ 2ರಿಂದ 4 ವಾರ ಉಳಿಯುವ ವ್ಯವಸ್ಥೆ
* ಸರ್ಟಿಫಿಕೇಟ್ ಅಟೆಸ್ಟೇಷನ್ ಖರ್ಚು
* ಬಾಡಿಗೆಗೆ ಮುಂಗಡ. ದುಬೈನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೇ ಚೆಕ್ ಮೂಲಕ ಕೊಡೋದು ರೂಢಿ
* ಕುಟುಂಬದ ವೀಸಾ, ವಿಮೆ, ಮಕ್ಕಳ ಶಾಲಾ ಫೀಸು

ಪ್ರತಿ ತಿಂಗಳ ಸಂಬಳ ಏರಿಸೋದಕ್ಕಿಂತ ಒಂದು ಸಲದ ಖರ್ಚು ಒಪ್ಪಿಕೊಳ್ಳೋದು ಕಂಪನಿಗೆ ಸುಲಭ. ಬಿಡಿಬಿಡಿಯಾಗಿ ಕೇಳಬೇಡಿ. ಖರ್ಚಿನ ಅಂದಾಜು ಬರೆದು ಒಂದೇ ಇಮೇಲ್‌ನಲ್ಲಿ ಕಳಿಸಿ. ಫೋನಿನಲ್ಲಿ ಕೊಟ್ಟ ಮಾತು ಆಫರ್ ಲೆಟರ್‌ಗೆ ಬರದಿದ್ದರೆ ಅದಕ್ಕೆ ಬೆಲೆ ಇಲ್ಲ.

ವಾಪಸಾತಿ ಷರತ್ತು

ವರ್ಷದೊಳಗೆ ಕೆಲಸ ಬಿಟ್ಟರೆ ಕೊಟ್ಟದ್ದನ್ನೆಲ್ಲ ಹಿಂದಿರುಗಿಸಬೇಕು ಅನ್ನೋ ಸಾಲು ಇದೆಯಾ ನೋಡಿ. ಇದ್ದರೆ, ದುಡಿದ ತಿಂಗಳಿಗೆ ತಕ್ಕಂತೆ ಆ ಮೊತ್ತ ಇಳೀಬೇಕು ಅಂತ ಸೇರಿಸಲು ಹೇಳಿ. ಕಂಪನಿಯೇ ಕೆಲಸದಿಂದ ತೆಗೆದರೆ ಷರತ್ತು ಅನ್ವಯಿಸಬಾರದು.

ಏಜೆಂಟ್ ಮೂಲಕ ಹೋಗುವವರಿಗೆ

ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ಪರಿಶೀಲಿಸಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕೂ ರಸೀದಿ ಕೇಳಿ. "ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಶುರು ಮಾಡಿ, ಆಮೇಲೆ ನೋಡೋಣ" ಅಂದರೆ ಹೊರಡಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡೋದು ಅಲ್ಲಿ ಕಾನೂನುಬಾಹಿರ.

ಸಹಿಯಾದ ಆಫರ್ ಲೆಟರ್ ಕೈಗೆ ಬರೋವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಅದರ ಒಂದು ಪ್ರತಿ ಮನೆಯವರ ಹತ್ತಿರವೂ ಇರಲಿ.