ಛತ್ರದಲ್ಲಿ ಸ್ಥಳ: ತೆಂಗಿನ ಸೀಮೆಯ ದಾರಿಗಳಲ್ಲಿ ಅತಿಥಿಸತ್ಕಾರದ ಚರಿತ್ರೆ

ಛತ್ರವೆಂಬ ಮಾತನ್ನು ಕನ್ನಡ ಕ್ರೈಸ್ತ ಸಭೆ ಲೂಕನ ಸುವಾರ್ತೆಯ ಎರಡು ಸಂದರ್ಭಗಳಲ್ಲಿ ನೆನೆಯುತ್ತದೆ. ಮೊದಲನೆಯದು ಎರಡನೆಯ ಅಧ್ಯಾಯದ ಜನನ ವೃತ್ತಾಂತ. ಅಲ್ಲಿ ಮರಿಯಳಿಗೂ ಯೋಸೇಫನಿಗೂ ಸ್ಥಳ ದೊರೆಯದೆ ಕೂಸು ಗೋದಲಿಯಲ್ಲಿ ಮಲಗುತ್ತದೆ. ಇನ್ನೊಂದು ಹತ್ತನೆಯ ಅಧ್ಯಾಯದ ಸಾಮ್ಯ. ಅಲ್ಲಿ ಗಾಯಗೊಂಡ ಪ್ರಯಾಣಿಕನನ್ನು ಸಮಾರ್ಯದವನು ತನ್ನ ವಾಹನದ ಮೇಲೆ ಕೂರಿಸಿ ಕರೆತರುತ್ತಾನೆ. ನಮ್ಮ ಕಿವಿಗೆ ಎರಡೂ ಛತ್ರಗಳೇ. ಆದರೆ ಮೂಲ ಗ್ರೀಕಿನಲ್ಲಿ ಅವು ಬೇರೆ ಬೇರೆ ಪದಗಳು. ಈ ಭೇದವನ್ನು ಅರಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕನ್ನಡ ನಾಡಿನ ದಾರಿಯಲ್ಲಿ ನಡೆದವನಿಗೆ ಛತ್ರವೆಂದರೆ ಏನಾಗಿತ್ತು? ಅಲ್ಲಿ ಯಾರಿಗೆ ಸ್ಥಳವಿತ್ತು, ಯಾರಿಗೆ ಇರಲಿಲ್ಲ?

ಉತ್ತರವನ್ನು ಒಂದು ಸೀಮೆಗೆ ಮಿತಗೊಳಿಸಿ ಹುಡುಕುವುದು ಲೇಸು. ಹಾಲ್ಕುರಿಕೆ ತಿಪಟೂರು ತಾಲ್ಲೂಕಿನ ಒಂದು ಗ್ರಾಮ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನೊಳಗೊಂಡ ತೆಂಗಿನ ಸೀಮೆಯಲ್ಲಿ ಅದು ಸೇರಿದೆ. ಇಲ್ಲಿಯ ರೈತರು ಬಲಿತ ಕಾಯಿಯನ್ನು ಹಲವು ತಿಂಗಳು ಅಟ್ಟದ ಮೇಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿ ದೂರದ ಪೇಟೆಗೆ ಹೋಗಬೇಕಾದ ಸರಕು. ಆದ್ದರಿಂದ ಈ ಸೀಮೆ ತೋಟಗಳ ಸೀಮೆಯಾಗಿರುವಂತೆಯೇ ದಾರಿಗಳ ಸೀಮೆಯೂ ಹೌದು. ಗಾಡಿಯವರು, ವ್ಯಾಪಾರಿಗಳು, ಜಾತ್ರೆಗೆ ಹೊರಟವರು, ಜಂಗಮರು ಈ ದಾರಿಗಳಲ್ಲಿ ಸಂಚರಿಸಿದರು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಚಿಕ್ಕನಾಯಕನಹಳ್ಳಿ, ಗುಬ್ಬಿ, ತುರುವೇಕೆರೆಗಳನ್ನು ಹಾದುಹೋದವನು.

ಇಂಥ ದಾರಿಯಲ್ಲಿ ಕತ್ತಲಾದಾಗ ಪ್ರಯಾಣಿಕನು ತಂಗುತ್ತಿದ್ದ ಸ್ಥಳಗಳು ಹಲವು. ಊರ ಚಾವಡಿ, ದೇವಸ್ಥಾನದ ಮಂಟಪ, ಮಠ, ಪರಿಚಿತರ ಮನೆಯ ಜಗಲಿ, ಇವೇನೂ ಇಲ್ಲದಿದ್ದರೆ ಆಲದ ಮರದ ಬುಡ. ಗಾಡಿಯವನು ಎತ್ತಿನ ಕೊರಳ ಹಗ್ಗ ಬಿಚ್ಚಿ, ಮೂರು ಕಲ್ಲಿನ ಒಲೆ ಹೂಡಿ, ಮುದ್ದೆ ಬೇಯಿಸಿಕೊಳ್ಳುತ್ತಿದ್ದನು. ದೊಡ್ಡ ದಾರಿಗಳ ಮೇಲೆ ಛತ್ರಗಳಿದ್ದವು. ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆಗಳಿದ್ದವು. ತಲೆಹೊರೆಯವನು ಯಾರ ನೆರವೂ ಇಲ್ಲದೆ ಹೊರೆಯನ್ನು ಇಳಿಸಿ ಮತ್ತೆ ಎತ್ತಿಕೊಳ್ಳುವಂತೆ ಎದೆಯೆತ್ತರಕ್ಕೆ ನಿಲ್ಲಿಸಿದ ಕಲ್ಲುಗಳಿದ್ದವು. ಹೆಸರು ತಿಳಿಯದ ದಾರಿಹೋಕನ ಬೆನ್ನುನೋವನ್ನು ನೆನೆದು ಯಾರೋ ನೆಡಿಸಿದ ಆ ಕಲ್ಲುಗಳು ಈ ನಾಡಿನ ಸತ್ಕಾರಬುದ್ಧಿಗೆ ಸಾಕ್ಷಿಗಳಾಗಿವೆ.

ಈ ಬುದ್ಧಿಯ ಬೇರು ಆಳವಾದದ್ದು. ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸಿದ, ಅರವಟ್ಟಿಗೆ ಇಡಿಸಿದ, ಸತ್ರಕ್ಕೆ ಭೂಮಿ ಬಿಟ್ಟ ದಾನಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಜೈನರು ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಆಹಾರವನ್ನೂ ಎಣಿಸಿದರು. 12ನೆಯ ಶತಮಾನದ ಶರಣರು ದಾಸೋಹವನ್ನು ದಾನಕ್ಕಿಂತ ಮೇಲೆ ಇಟ್ಟರು. ಏಕೆಂದರೆ ದಾನದಲ್ಲಿ ಕೊಡುವವನು ಎತ್ತರದಲ್ಲಿ ನಿಲ್ಲುತ್ತಾನೆ. ದಾಸೋಹದಲ್ಲಿ ಕೊಡುವವನು ದಾಸನು. ತುಮಕೂರಿನ ಸಿದ್ಧಗಂಗೆಯಲ್ಲಿ ಇಂದಿಗೂ ಪ್ರತಿದಿನ ಸಾವಿರಾರು ಮಂದಿಗೆ ನಡೆಯುವ ಅನ್ನದಾಸೋಹ ಈ ಪರಂಪರೆಯ ಜೀವಂತ ರೂಪ. ನೆರೆಯವರ ಈ ಸಂಪತ್ತನ್ನು ಗೌರವಿಸದೆ ಅತಿಥಿಸತ್ಕಾರದ ಕುರಿತು ಮಾತಾಡುವ ಹಕ್ಕು ನಮಗಿಲ್ಲ.

ಆದರೂ ಆ ಛತ್ರದೊಳಗೆ ಒಂದು ಗೆರೆ ಇತ್ತು. ಅನೇಕ ಛತ್ರಗಳಲ್ಲಿ ಬೇಯಿಸಿದ ಅನ್ನ ಬ್ರಾಹ್ಮಣರಿಗೆ ಮಾತ್ರ ಬಡಿಸಲ್ಪಡುತ್ತಿತ್ತು. ಇತರರಿಗೆ ದೊರೆಯುತ್ತಿದ್ದದ್ದು ತಂಗಲು ಕಟ್ಟೆ, ಅಥವಾ ಪಡಿ, ಎಂದರೆ ಅಕ್ಕಿ, ಬೇಳೆ, ಉಪ್ಪು, ಸೌದೆ. ಒಬ್ಬರ ಕೈಯ ಅನ್ನವನ್ನು ಇನ್ನೊಬ್ಬರು ಮುಟ್ಟದ ಸಮಾಜದಲ್ಲಿ ಪಡಿಯು ಜಾಣತನದ ಏರ್ಪಾಡಾಗಿತ್ತು. ಅದರಿಂದ ಕೊಡುವವನ ಧರ್ಮವೂ ಉಳಿಯಿತು, ಕೊಳ್ಳುವವನ ಆಚಾರವೂ ಕೆಡಲಿಲ್ಲ. ಆದರೆ ಒಲೆಗಳು ಬೇರೆಯಾಗಿಯೇ ಉರಿದವು. ಮತ್ತು ಅಸ್ಪೃಶ್ಯರೆಂದು ಎಣಿಸಲ್ಪಟ್ಟ ಪ್ರಯಾಣಿಕನಿಗೆ ಮಂಟಪವೂ ಇಲ್ಲ, ಜಗಲಿಯೂ ಇಲ್ಲ, ಊರ ಬಾವಿಯ ನೀರೂ ಇಲ್ಲ. ಅವನು ಊರ ಹೊರಗಿನ ತನ್ನವರ ಕೇರಿಯನ್ನು ಹುಡುಕಬೇಕಾಗಿತ್ತು. ಬೇತ್ಲೆಹೇಮಿನ ಕಥೆಯನ್ನು ಅವನು ಮೊದಲ ಬಾರಿ ಕೇಳಿದಾಗ ಸ್ಥಳವಿಲ್ಲವೆಂಬ ಮಾತಿಗೆ ಅವನಿಗೆ ವ್ಯಾಖ್ಯಾನ ಬೇಕಾಗಿರಲಿಲ್ಲ.

ಈ ನಾಡಿಗೆ ಸುವಾರ್ತೆಯನ್ನು ತಂದ ವೆಸ್ಲಿಯನ್ ಬೋಧಕರು ಬೇರೊಂದು ದಾರಿಬದಿಯ ನೆನಪನ್ನು ಹೊತ್ತಿದ್ದರು. ಇಂಗ್ಲೆಂಡಿನ ಹಳ್ಳಿಗಾಡಿನ ತಂಗುಮನೆ ಹಣ ಕೊಟ್ಟು ಉಣ್ಣುವ, ಮಲಗುವ ಮನೆ. ಅದರ ಹಿಂದೆಯೂ ಸಭೆಯ ಚರಿತ್ರೆಯಿದೆ. ಬಂದ ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಳ್ಳುವಂತೆ ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟನ ನಿಯಮದ 53ನೆಯ ಅಧ್ಯಾಯ ವಿಧಿಸಿತ್ತು. ಗ್ಲಾಸ್ಟನ್‌ಬರಿಯ ಮಠದವರು 15ನೆಯ ಶತಮಾನದಲ್ಲಿ ಯಾತ್ರಿಕರಿಗಾಗಿ ಕಟ್ಟಿದ ತಂಗುಮನೆ ಇಂದಿಗೂ ನಿಂತಿದೆ. 1536ರಿಂದ 1540ರವರೆಗೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಅವುಗಳ ಉಚಿತ ಸತ್ಕಾರ ನಿಂತಿತು. ದಾರಿಹೋಕರ ಭಾರ ಹೆಚ್ಚಾಗಿ ತಂಗುಮನೆಗಳ ಮೇಲೆ ಬಿತ್ತು. ಆದರೆ ಅಲ್ಲಿಯ ರೂಢಿಯ ಕಾನೂನು ಒಂದು ಕರ್ತವ್ಯವನ್ನು ಉಳಿಸಿಕೊಂಡಿತು. ಸ್ಥಳವಿದ್ದು, ಪ್ರಯಾಣಿಕನು ತಕ್ಕ ಹಣ ಕೊಡಲು ಸಿದ್ಧನಿದ್ದರೆ, ಸರಿಯಾದ ಕಾರಣವಿಲ್ಲದೆ ಮನೆಯವನು ಅವನನ್ನು ತಿರಸ್ಕರಿಸುವಂತಿರಲಿಲ್ಲ. ಜಾನ್ ವೆಸ್ಲಿ ಅರ್ಧ ಶತಮಾನಕಾಲ ಕುದುರೆಯ ಮೇಲೆ ಸಂಚರಿಸುತ್ತ ಇಂಥ ಮನೆಗಳಲ್ಲಿ ತಂಗಿದವನು. ಆದರೆ ಹಣವಿಲ್ಲದ ಬಡವನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆಯೂರಿತು. 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಅಲ್ಲಿ ಸೇವೆ ಮಾಡಿ, ಆರೋಗ್ಯ ಕೆಟ್ಟು ಮರಳಿದ ಮೇಲೆ 1847ರಲ್ಲಿ ಮೈಸೂರು ಮಿಷನ್ನಿನ ಕುರಿತು ತನ್ನ ಗ್ರಂಥವನ್ನು ಪ್ರಕಟಿಸಿದನು. ಸಂತೆ, ಜಾತ್ರೆಗಳನ್ನು ಹುಡುಕಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆಯುವುದು ಆ ಕಾಲದ ಸುವಾರ್ತಾ ಪ್ರಸಾರದ ರೀತಿಯಾಗಿತ್ತು. ಸರಕಾರದ ದಾರಿಗಳ ಮೇಲೆ ಆಗ ಎರಡು ಬಗೆಯ ವಸತಿಗಳು ರೂಪುಗೊಂಡವು: ಮುಖ್ಯವಾಗಿ ಯೂರೋಪಿಯನ್ನರಿಗೆಂದು ಪ್ರವಾಸಿ ಬಂಗಲೆ, ದೇಶೀಯರಿಗೆಂದು ಮುಸಾಫಿರಖಾನೆ. ಹೀಗೆ ಹಳೆಯ ಗೆರೆಯ ಪಕ್ಕದಲ್ಲಿ ಹೊಸ ಗೆರೆಯೊಂದು ಬಿತ್ತು.

ಮಿಷನರಿಗಳು ಮೊದಲನೆಯ ಗೆರೆಯನ್ನು ತೀಕ್ಷ್ಣವಾಗಿ ಕಂಡರು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು ಜಾತಿಯನ್ನು ನಿಜವಾಗಿ ತೊರೆದದ್ದಕ್ಕೆ ಸಹಭೋಜನವೇ ಗುರುತೆಂದು ನಿರ್ಣಯಿಸಿತು. ಲೈಪ್‌ಜಿಗ್ ಲೂಥರನ್ನರು ಮಾತ್ರ ಇದಕ್ಕೆ ಒಪ್ಪಲಿಲ್ಲ. ಆದರೆ ಎರಡನೆಯ ಗೆರೆ, ಬಂಗಲೆಯ ಗೆರೆ, ಬಹುಕಾಲ ಅವರ ಕಣ್ಣಿಗೆ ಬೀಳಲಿಲ್ಲ. 1910ರ ಎಡಿನ್‌ಬರೊ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯನವರು ಅದನ್ನು ತೋರಿಸಿಕೊಟ್ಟರು. ಮಿಷನರಿಗಳ ತ್ಯಾಗವನ್ನೂ ದಾನವನ್ನೂ ಅವರು ಕೃತಜ್ಞತೆಯಿಂದ ನೆನೆದರು. ಅನಂತರ ತಮಗೆ ಬೇಕಾದದ್ದು ಸ್ನೇಹವೆಂದರು. ನಮ್ಮ ಛತ್ರದ ಭಾಷೆಯಲ್ಲಿ ಹೇಳುವುದಾದರೆ, ಭಾರತದ ಸಭೆಗೆ ಪಡಿ ದೊರೆತಿತ್ತು; ಪಂಕ್ತಿ ದೊರೆತಿರಲಿಲ್ಲ.

ಅಷ್ಟರಲ್ಲಿ ದಾರಿಯೂ ಬದಲಾಗಿತ್ತು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರುಗಳ ಮಾರ್ಗವಾಗಿ ರೈಲು ಬಂದಿತು. ಗುಬ್ಬಿಯ ವರ್ತಕ ತೋಟದಪ್ಪನವರು (1838–1910) ಈ ಬದಲಾವಣೆಯನ್ನು ಅರಿತು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಭೂಮಿ ಕೊಂಡು ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಆರಂಭಿಸಿದರು. ಊರು ಬಿಟ್ಟು ಬಂದವರಿಗೆ ವಸತಿ, ಓದುವ ಹುಡುಗರಿಗೆ ಆಶ್ರಯ ಅವರ ಧರ್ಮಸಂಸ್ಥೆಯಿಂದ ದೊರೆಯಿತು. ಪೇಟೆಗಳಲ್ಲಿ ಕಾಫಿ ಹೋಟೆಲುಗಳೂ ಹುಟ್ಟಿದವು. ಹಣವನ್ನು ಎಣಿಸುವ ಅಂಗಡಿ ಜಾತಿಯನ್ನು ಎಣಿಸಲಾರದೆಂದು ನಂಬಿದವರಿಗೆ ಬ್ರಾಹ್ಮಣರ ಹೋಟೆಲೆಂಬ ಫಲಕವೂ, ದಲಿತರಿಗೆಂದು ಬೇರೆಯಾಗಿ ಇಟ್ಟ ಲೋಟವೂ ಉತ್ತರ ಕೊಟ್ಟವು. ಆದ್ದರಿಂದಲೇ ನಮ್ಮ ಸಂವಿಧಾನದ 15ನೆಯ ಅನುಚ್ಛೇದ ಹೋಟೆಲನ್ನೂ ಬಾವಿಯನ್ನೂ ಹೆಸರಿಸಬೇಕಾಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು, ಅಲ್ಲಿಯ ಪಾತ್ರೆಗಳನ್ನು ಸಹ, ಎತ್ತಿ ಹೇಳಿತು. ಒಂದು ಲೋಟದ ಬಗ್ಗೆ ದೇಶವೊಂದು ಶಾಸನ ಮಾಡಬೇಕಾದದ್ದು ಆ ಗೆರೆ ಎಷ್ಟು ಆಳವಾಗಿತ್ತೆಂಬುದಕ್ಕೆ ಪ್ರಮಾಣ.

ಈಗ ಗ್ರೀಕಿನ ಎರಡು ಪದಗಳಿಗೆ ಮರಳೋಣ. ಜನನ ವೃತ್ತಾಂತದ ಪದ ಕಟಾಲುಮ. ಬಿಚ್ಚು, ಸಡಿಲಿಸು ಎಂಬರ್ಥದ ಕ್ರಿಯಾಪದದಿಂದ ಅದು ಬಂದಿದೆ. ಪಶುವಿನ ನೊಗ ಬಿಚ್ಚುವ ಸ್ಥಳವೆಂದು ಭಾವ. ಕನ್ನಡದ ಬೀಡು, ಬಿಡಾರ, ಬಿಡದಿಗಳೂ ಬಿಡು ಎಂಬ ಧಾತುವಿನಿಂದಲೇ ಹುಟ್ಟಿವೆ. ಲೂಕನು ಇದೇ ಪದವನ್ನು 22ನೆಯ ಅಧ್ಯಾಯದಲ್ಲಿ ಕರ್ತನು ಶಿಷ್ಯರೊಂದಿಗೆ ಪಸ್ಕದ ಊಟ ಮಾಡಿದ ಕೋಣೆಗೆ ಬಳಸುತ್ತಾನೆ. ಹುಟ್ಟುವಾಗ ಬಿಡದಿಯಲ್ಲಿ ಸ್ಥಳ ಕಾಣದವನು ತನ್ನ ಮರಣದ ಮುನ್ನಾ ರಾತ್ರಿ ಬಿಡದಿಯೊಂದರಲ್ಲಿ ಇತರರಿಗೆ ಸ್ಥಳ ಮಾಡಿಕೊಟ್ಟು, ತಾನೇ ರೊಟ್ಟಿ ಮುರಿದನು.

ಸಮಾರ್ಯದವನ ಸಾಮ್ಯದ ಪದ ಪಂದೊಖೆಯೊನ್. ಎಲ್ಲರನ್ನೂ ಬರಮಾಡಿಕೊಳ್ಳುವ ಮನೆ ಎಂದು ಅದರ ಅಕ್ಷರಾರ್ಥ. ಅದು ಹಣ ಕೊಟ್ಟು ತಂಗುವ ಮನೆ. ಸಮಾರ್ಯದವನು ಎರಡು ನಾಣ್ಯ ಕೊಟ್ಟು, ಹೆಚ್ಚಿನ ಖರ್ಚನ್ನು ಹಿಂದಿರುಗುವಾಗ ತೀರಿಸುವೆನೆಂದು ಮಾತು ಕೊಡುತ್ತಾನೆ. ಯೆಹೂದ್ಯನ ಗಾಯವನ್ನು ಸಮಾರ್ಯದವನ ಕೈ ಮುಟ್ಟಿತು, ಅವನ ಊಟಕ್ಕೆ ಸಮಾರ್ಯದವನ ಹಣ ಸಂದಿತು. ಇಂಗ್ಲೆಂಡಿನ ತಂಗುಮನೆಯಲ್ಲಿ ಹಣವಿಲ್ಲದವನು ಹೊರಗುಳಿದನು, ನಮ್ಮ ಛತ್ರದಲ್ಲಿ ಕುಲವಿಲ್ಲದವನು ಹೊರಗುಳಿದನು. ಸಾಮ್ಯದ ಮನೆಯಲ್ಲಿ ಹಣವೂ ಪ್ರಜ್ಞೆಯೂ ಇಲ್ಲದ, ಯಾವ ಕುಲದವನೆಂದು ಯಾರೂ ಕೇಳದ ಒಬ್ಬನು ಒಳಗೆ ಬಂದನು.

ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲನು ಅವನನ್ನು ಮುಖಾಮುಖಿಯಾಗಿ ಎದುರಿಸಿದನು. ಅವನ ಪಾಲಿಗೆ ಅದು ಶಿಷ್ಟಾಚಾರದ ವಿಷಯವಾಗಿರದೆ ಸುವಾರ್ತೆಯ ಸತ್ಯದ ವಿಷಯವಾಗಿತ್ತು. ಕೊರಿಂಥದಲ್ಲಿ ಬಡವರು ಹಸಿದಿರುವಾಗ ಉಳ್ಳವರು ಮೊದಲೇ ಉಂಡದ್ದನ್ನು ಕಂಡು, ಅದು ಕರ್ತನ ಭೋಜನವೇ ಅಲ್ಲವೆಂದು ಅವನು ತೀರ್ಪು ಕೊಟ್ಟನು. ಚರಿತ್ರೆಯನ್ನು ಓದುವ ನಾವು ಛತ್ರದ ದಾನಿಯನ್ನೂ ಬಂಗಲೆಯ ಮಿಷನರಿಯನ್ನೂ ತೂಗಿ ನೋಡುವುದು ಸುಲಭ. ನಮ್ಮ ಸಭೆಗಳ ಸಮ್ಮೇಳನಗಳಲ್ಲಿ ಗಣ್ಯರಿಗೆ ಬೇರೆ ಕೋಣೆಯಲ್ಲಿ ಊಟ ಹಾಕುವಾಗ, ಮದುವೆಯ ಮಾತುಕತೆಯಲ್ಲಿ ಮೂಲ ಜಾತಿಯನ್ನು ಮೆಲುದನಿಯಲ್ಲಿ ವಿಚಾರಿಸುವಾಗ, ಪರಿಹಾರದ ಅಕ್ಕಿಯನ್ನು ಹಂಚಿ ಹಂಚಿಸಿಕೊಂಡವನ ಮನೆಯಲ್ಲಿ ನೀರು ಕುಡಿಯದೆ ಮರಳುವಾಗ, ಹಳೆಯ ಗೆರೆಯನ್ನು ಎಳೆಯುವವರು ನಾವೇ.

ಹಾಲ್ಕುರಿಕೆಯಂಥ ಗ್ರಾಮಕ್ಕೆ ನಾಳೆ ಸೇವೆಗೆಂದು ಹೋಗುವ ಯುವ ಸಭಾಪಾಲಕನಿಗೆ ದಾರಿಯಲ್ಲಿ ಈಗ ಛತ್ರದ ಅಗತ್ಯವಿಲ್ಲ. ಸಂಜೆಯ ಬಸ್ಸಿನಲ್ಲಿ ಅವನು ತಿಪಟೂರಿಗೆ ಮರಳಬಹುದು. ಆದರೂ ಒಂದು ರಾತ್ರಿ ಅಲ್ಲಿಯೇ ಉಳಿಯಲಿ. ಊರು ಅತ್ಯಂತ ಕಡೆಗೆ ಇಟ್ಟ ಮನೆಯವರು ಕರೆದರೆ ಅವರ ಜಗಲಿಯಲ್ಲಿ ಕುಳಿತು, ಅವರ ಒಲೆಯ ಮೇಲೆ ಬೆಂದದ್ದನ್ನು ಅವರೊಂದಿಗೆ ಉಣ್ಣಲಿ. ಸತ್ಕಾರ ಮಾಡುವುದನ್ನು ಕಲಿಯುವ ಮೊದಲು ಸತ್ಕಾರವನ್ನು ಸ್ವೀಕರಿಸುವುದನ್ನು ಕಲಿತವನಿಗೆ ಕರ್ತನ ಮೇಜಿನ ಬಳಿ ನಿಂತು ಎಲ್ಲರನ್ನೂ ಬನ್ನಿರೆಂದು ಕರೆಯುವ ಮಾತು ಸುಳ್ಳಾಗದು.