ಸ್ವಾಮ್ಯಸೂಚಕ ವಿಶೇಷಣಗಳು (ಇಂಗ್ಲಿಷ್ ವ್ಯಾಕರಣ)

ನಾಮಪದಕ್ಕೆ ಪೂರ್ವದಲ್ಲಿ ನಿಂತು, ಆ ಪದವು ನಿರ್ದೇಶಿಸುವ ವಸ್ತು ಯಾರಿಗೆ ಸೇರಿದುದು ಅಥವಾ ಯಾರೊಡನೆ ಸಂಬಂಧವುಳ್ಳುದು ಎಂಬುದನ್ನು ತಿಳಿಸುವ ಮೈ, ಅವರ್, ಯುವರ್, ಹಿಸ್, ಹರ್, ಇಟ್ಸ್, ದೇರ್ ಎಂಬ ಏಳು ಪದಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಈ ಸಂಜ್ಞೆಯು ರೂಢವಾಗಿದೆ. ಕನ್ನಡದಲ್ಲಿ ಇದೇ ಅರ್ಥವು ಸರ್ವನಾಮದ ಷಷ್ಠೀ ವಿಭಕ್ತಿಯಿಂದ ಸಿದ್ಧಿಸುತ್ತದೆ.

ಇವು ಇರುವೆಡೆ ‘ಎ’, ‘ದಿ’ ಎಂಬ ಉಪಪದಗಳಿಗೆ ಅವಕಾಶವಿಲ್ಲದಿರುವುದರಿಂದ, ‘ಮೈ ಬುಕ್’ ಎಂಬುದು ಸಾಧುವಾಗಿಯೂ ‘ದಿ ಮೈ ಬುಕ್’ ಎಂಬುದು ಅಸಾಧುವಾಗಿಯೂ ಪರಿಗಣಿತವಾಗುತ್ತದೆ. ಈ ಕಾರಣದಿಂದಲೇ ಆಧುನಿಕ ವೈಯಾಕರಣರು ಇವನ್ನು ವಿಶೇಷಣವೆನ್ನದೆ ನಿರ್ಧಾರಕಗಳ ವರ್ಗಕ್ಕೆ ಸೇರಿಸುವುದುಂಟು. ನಾಮಪದವಿಲ್ಲದೆ ಸ್ವತಂತ್ರವಾಗಿ ನಿಲ್ಲುವಲ್ಲಿ ಮೈನ್, ಯುವರ್ಸ್, ಹರ್ಸ್ ಮೊದಲಾದ ರೂಪಗಳು ಬರುತ್ತವೆ.

ಪ್ರಥಮಪುರುಷದ ಏಕವಚನದಲ್ಲಿ ಲಿಂಗವು ಸ್ವಾಮಿಯನ್ನು ಅನುಸರಿಸುವುದೇ ಹೊರತು ಸ್ವತ್ತನ್ನಲ್ಲ. ಫ್ರೆಂಚ್ ಭಾಷೆಯಲ್ಲಿ ‘ಅವನ ತಾಯಿ’, ‘ಅವಳ ತಾಯಿ’ ಎರಡಕ್ಕೂ ‘ಸಾ ಮೇರ್’ ಎಂಬ ಒಂದೇ ಪ್ರಯೋಗವಿರಲು, ಇಂಗ್ಲಿಷಿನಲ್ಲಿ ‘ಹಿಸ್ ಮದರ್’, ‘ಹರ್ ಮದರ್’ ಎಂಬ ಭೇದವು ಅನಿವಾರ್ಯವಾಗಿದೆ. ‘ಅವನು ಕೈ ತೊಳೆದುಕೊಂಡನು’ ಎಂದು ಕನ್ನಡಿಗರು ಸ್ವಾಮ್ಯವನ್ನು ಹೇಳದೆಯೇ ಮುಗಿಸುವೆಡೆಯಲ್ಲಿ, ‘ಹಿ ವಾಷ್ಡ್ ಹಿಸ್ ಹ್ಯಾಂಡ್ಸ್’ ಎಂದು ವಿಶೇಷಣವನ್ನು ಕೂಡಿಸಿಯೇ ಹೇಳುವುದು ಇಂಗ್ಲಿಷಿನ ಸಂಪ್ರದಾಯ.

ಇವುಗಳಲ್ಲಿ ‘ದೇರ್’ ಪ್ರಾಚೀನ ನಾರ್ಸ್ ಭಾಷೆಯಿಂದ ಬಂದುದು. ‘ಇಟ್ಸ್’ ಎಲ್ಲಕ್ಕಿಂತ ಅರ್ವಾಚೀನವಾದುದು. ಹಿಂದೆ ನಪುಂಸಕಕ್ಕೂ ‘ಹಿಸ್’ ಸಲ್ಲುತ್ತಿದ್ದುದರಿಂದ, 1611ರ ಬೈಬಲ್ ಭಾಷಾಂತರದ ಪ್ರಥಮ ಮುದ್ರಣದಲ್ಲಿ ‘ಇಟ್ಸ್’ ಎಂಬ ರೂಪವೇ ಕಾಣದು. ಇಂದಿನ ಬರವಣಿಗೆಯಲ್ಲಿ ಸ್ವಾಮ್ಯಾರ್ಥದ ‘ಇಟ್ಸ್’ ಪದಕ್ಕೆ ಲೋಪಚಿಹ್ನೆಯನ್ನು ಹಾಕತಕ್ಕುದಲ್ಲ. ಆ ಚಿಹ್ನೆಯು ‘ಇಟ್ ಈಸ್’, ‘ಇಟ್ ಹ್ಯಾಸ್’ ಎಂಬವುಗಳ ಸಂಕ್ಷಿಪ್ತ ರೂಪಕ್ಕೆ ಮಾತ್ರ ಸಲ್ಲುತ್ತದೆ.