ನೆತ್ತಿಯ ಮೇಲಣ ಅಂಗೈ

ದಾವಣಗೆರೆಯ ಹತ್ತಿ ಗಿರಣಿಗಳ ಕೇರಿಗಳಲ್ಲಿಯೂ ತುಂಗಭದ್ರೆಯ ದಡದ ಹರಿಹರದಲ್ಲಿಯೂ ಹಸುಗೂಸಿಗೆ ಎರೆಯುತ್ತಿದ್ದ ಅಜ್ಜಿಯರು, ಹರಳೆಣ್ಣೆ ಸವರಿದ ಅಂಗೈಯನ್ನು ಮೊದಲು ನೆತ್ತಿಯ ಮೇಲಿಟ್ಟು, ತಲೆಬುರುಡೆಯ ಎಲುಬುಗಳು ಇನ್ನೂ ಕೂಡದ ಆ ಮೆತ್ತನೆಯ ಎಡೆಯ ಮಿಡಿತವನ್ನು ಅರಿಯುತ್ತಿದ್ದರು. ಅಳು ನಿಂತು, ಕೂಸನ್ನು ನೆಟ್ಟಗೆ ಎತ್ತಿಕೊಂಡಾಗಲೂ ನೆತ್ತಿಯು ಉಬ್ಬಿ ಬಿಗಿದಿದ್ದರೆ ಮಿದುಳಿನ ಸುತ್ತ ಒತ್ತಡವೇರಿರಬಹುದೆಂದು ವೈದ್ಯಶಾಸ್ತ್ರವು ಶಂಕಿಸುವುದರಿಂದ, ಆ ಸ್ಪರ್ಶವನ್ನು ನಾನು ಬರಿಯ ಉಪಚಾರವೆಂದು ಎಣಿಸಲಾರೆ. ಆದರೆ ಬಿದ್ದ ಮಗುವಿಗೆ ದೃಷ್ಟಿ ತೆಗೆದು ಮಲಗಿಸಿಬಿಡುವ ರೂಢಿಯು ನಿಜವಾಗಿಯೂ ಅಪಾಯಕರವಾದುದು. ಎಬ್ಬಿಸಿದರೂ ಏಳದ ಮಂಪರು, ಪುನಃ ಪುನಃ ವಾಂತಿ, ಮೊಲೆಯನ್ನು ಒಲ್ಲದಿರುವುದು, ಫಿಟ್ಸು, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗಿರುವುದು, ಇವೆಲ್ಲ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು. 1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾದ ಮೇಲೆ, ಅಜ್ಜಿಯ ಅಂಗೈ ಇರುತ್ತಿದ್ದ ಆ ನೆತ್ತಿಯ ಮೇಲೆ ವೈದ್ಯರ ಬೆರಳುಗಳೂ ಮೃದುವಾಗಿ ಇಳಿದುವು: “ಬಿದ್ದ ಮೇಲೆ ಎಷ್ಟು ಸಲ ವಾಂತಿ ಮಾಡ್ತವ್ವಾ?”